ಫ್ರೆಂಚ್ ಹಾರ್ನ್ ಕಲಿಯುವ ಮಕ್ಕಳ ತುಟಿ ಹಿಡಿತ, ನಾದ ಸರಿಪಡಿಸುವುದು ಹೇಗೆ?

ಫ್ರೆಂಚ್ ಹಾರ್ನ್ ಅಂದರೆ ಸುರುಳಿ ಕೊಳವೆಯ ಹಿತ್ತಾಳೆ ಊದುವಾದ್ಯ. ಅದನ್ನು ಹೊಸದಾಗಿ ಹಿಡಿದ ಮಕ್ಕಳ ನಾದ ತೆಳ್ಳಗೆ, ಗಾಳಿ ಸೋರಿದ ಹಾಗೆ ಬರುತ್ತದೆ ಅಂದಿದ್ದೀರಿ. ಮೊದಲು ಮೌತ್‌ಪೀಸ್ (ತುಟಿಗೆ ಇಟ್ಟು ಊದುವ ಭಾಗ) ಎಲ್ಲಿ ಕೂತಿದೆ ನೋಡಿ. ಹಾರ್ನಿಗೆ ಸುಮಾರು ಮೂರರಲ್ಲಿ ಎರಡು ಪಾಲು ಮೇಲ್ತುಟಿ, ಒಂದು ಪಾಲು ಕೆಳತುಟಿ ಇರಬೇಕು. ಟ್ರಂಪೆಟ್ ನುಡಿಸಿ ಬಂದ ಮಕ್ಕಳು ಇದಕ್ಕಿಂತ ಕೆಳಗೆ ಇಟ್ಟುಕೊಳ್ಳುವುದು ಉಂಟು. ಎಲ್ಲರ ಹಲ್ಲು, ತುಟಿ ಒಂದೇ ಥರ ಇರಲ್ಲ ಅಲ್ವಾ, ಹಾಗಾಗಿ ಕೂದಲೆಳೆಯ ಲೆಕ್ಕಕ್ಕೆ ಹಟ ಬೇಡ.

ಆಮೇಲೆ ಕಟವಾಯಿ. ಅದು ಬಿಗಿಯಾಗಿರಬೇಕು, ನಡುವಿನ ತುಟಿ ಮೆತ್ತಗಿರಬೇಕು, ಗದ್ದ ಚಪ್ಪಟೆಯಾಗಿರಬೇಕು. ನಗುವ ಹಾಗೆ ತುಟಿ ಎಳೆದರೆ ನಾದ ಕೀರಲಾಗುತ್ತದೆ. ಬಿಸಿ ಕಾಫಿ ಆರಿಸುವಾಗ ಊದುತ್ತೇವಲ್ಲ, ಆ ಆಕಾರ ಹೇಳಿಕೊಡಿ, ಕನ್ನಡಿ ಮುಂದೆ ಕೂರಿಸಿ, ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ಕೆನ್ನೆ ಉಬ್ಬಿದರೂ ಅಲ್ಲೇ ಕಾಣುತ್ತದೆ.

ಮೇಲಿನ ಸ್ವರ ಬರಲಿಲ್ಲ ಅಂತ ಮೌತ್‌ಪೀಸನ್ನು ತುಟಿಗೆ ಒತ್ತುವುದು ತೀರಾ ಕೆಟ್ಟ ಚಾಳಿ. ತುಟಿಗೆ ರಕ್ತ ಓಡಾಡುವುದಿಲ್ಲ, ಬೇಗ ಸೋಲುತ್ತದೆ. ಎಫ್ ಶ್ರುತಿಯ ಹಾರ್ನಿನ ಕೊಳವೆ ಬಿಡಿಸಿದರೆ ಸುಮಾರು 12 ಅಡಿ, ಅಷ್ಟು ಉದ್ದವನ್ನು ತುಂಬುವುದು ಉಸಿರೇ ಹೊರತು ಒತ್ತಡ ಅಲ್ಲ. ಹೊಟ್ಟೆ ತುಂಬ ಉಸಿರೆಳೆದು ನಡು ಸ್ಥಾಯಿಯ ಒಂದೇ ಸ್ವರವನ್ನು ನಿಧಾನಕ್ಕೆ, ಉದ್ದಕ್ಕೆ ಹಿಡಿಸಿ. ದಿನಕ್ಕೆ ನಾಲ್ಕು ಸಲ 10 ನಿಮಿಷ ಸಾಕು, ಒಂದೇ ಸಲ ಜಾಸ್ತಿ ಬೇಡ.

ಇಷ್ಟಾದರೂ ನಾದ ಮಂಕಾಗಿದ್ದರೆ ತುಟಿ ಬಿಟ್ಟು ಬಲಗೈ ನೋಡಿ. ಹಾರ್ನಿನ ಅಗಲ ಬಾಯಿ, ಅಂದರೆ ಬೆಲ್ ಒಳಗೆ ಇಡುವ ಅಂಗೈ ಜಾಸ್ತಿ ಮುಚ್ಚಿರುತ್ತದೆ, ಶ್ರುತಿಯೂ ಇಳಿದಿರುತ್ತದೆ.