ಕಾಫಿ ಕ್ಯೂರಿಂಗ್ ಆಫೀಸಿನಲ್ಲಿ ಎಂಟ್ರಿ ಕೆಲಸ ಮಾಡುತ್ತಿದ್ದೇನೆ, ಮುಂದೆ ಬರಲು ಏನು ಕಲಿಯಬೇಕು?

ನೀವು ಬರೆದಿರುವುದು ಇಷ್ಟು: ಬಿಕಾಂ ಆಗಿದೆ, ಚಿಕ್ಕಮಗಳೂರಿನಲ್ಲಿ ಒಣಗಿದ ಕಾಯಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎರಡು ವರ್ಷದಿಂದ ಕಂಪ್ಯೂಟರ್ ಎಂಟ್ರಿ, ಸಂಬಳ ಅಲ್ಲೇ ನಿಂತಿದೆ. ಸ್ಪೋಕನ್ ಇಂಗ್ಲಿಷ್, ಪರ್ಸನಾಲಿಟಿ ಡೆವಲಪ್‌ಮೆಂಟ್ ಕೋರ್ಸ್‌ಗೆ ದುಡ್ಡು ಕಟ್ಟಬೇಕೋ, ಬೆಂಗಳೂರಿಗೆ ಹೋಗಿಬಿಡಬೇಕೋ ಅಂತ ಕೇಳಿದ್ದೀರಿ. ನಾನೂ ಇದೇ ಊರು, ಇದೇ ಲೈನು. ಮೊದಲು ಆಲ್ದೂರು ಕಡೆ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಆಗಿದ್ದೆ, ಈಗ ಒಂದು ಕ್ಯೂರಿಂಗ್‌ನಲ್ಲಿ ಆಫೀಸು ನೋಡಿಕೊಳ್ಳುತ್ತೇನೆ. ಯಾರಿಗೆ ಸಂಬಳ ಏರಿಸಬಹುದು ಅಂತ ಮಾಲೀಕರು ನನ್ನನ್ನು ಕೇಳುತ್ತಾರೆ. ಆಗ ನಾನು ಏನು ನೋಡುತ್ತೇನೋ ಅದನ್ನೇ ಹೇಳುತ್ತೇನೆ.

ಕೋರ್ಸ್ ವಿಷಯ ಆಮೇಲೆ. ಮೊದಲು ನೀವು ದಿನಾ ಟೈಪ್ ಮಾಡುವ ನಂಬರುಗಳು ಎಲ್ಲಿಂದ ಬರುತ್ತವೆ ಅನ್ನುವುದನ್ನು ಕಲಿಯಿರಿ.

ಔಟ್‌ಟರ್ನ್ ತಗೊಳ್ಳಿ. ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಯಿ) 26 ಅಂತ ನೀವು ಎಂಟ್ರಿ ಹಾಕುತ್ತೀರಿ. 50 ಕೆಜಿ ಮೂಟೆಯ ಸಿಪ್ಪೆ ತೆಗೆದರೆ 26 ಕೆಜಿ ಬೇಳೆ, ಅಂದರೆ ಕಾಫಿ ಬೀಜ, ಸಿಗುತ್ತೆ ಅಂತ ಅದರ ಅರ್ಥ, ಇದು ನಿಮಗೆ ಗೊತ್ತಿರುತ್ತೆ. ಆದರೆ ಇನ್ನೊಬ್ಬ ಬೆಳೆಗಾರರದ್ದು 24.5 ಯಾಕೆ ಬಂತು? ಕಾಯಿ ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದರೋ, ಕಣದಲ್ಲಿ ಸರಿಯಾಗಿ ಒಣಗಲಿಲ್ಲವೋ, ಕಾಯಿಕೊರಕ ತಿಂದಿದೆಯೋ, ಮಳೆ ಕೈಕೊಟ್ಟು ಜೊಳ್ಳು ಜಾಸ್ತಿ ಆಯಿತೋ? ಲೆಕ್ಕ ಹಾಕಿ ನೋಡಿ. ಸುಮ್ನೆ ಉದಾಹರಣೆಗೆ, ಕೆಜಿ ಬೇಳೆಗೆ 300 ರೂಪಾಯಿ ಅಂದುಕೊಂಡರೆ ಒಂದೂವರೆ ಕೆಜಿ ಕಮ್ಮಿ ಬಂದಾಗ ಮೂಟೆಗೆ 450 ರೂಪಾಯಿ ಹೋಯಿತು. 200 ಮೂಟೆಗೆ 90,000. ಆ ಬೆಳೆಗಾರರು ಫೋನಿನಲ್ಲಿ ಕೂಗಾಡುವುದರಲ್ಲಿ ತಪ್ಪೇನಿದೆ?

ಆ ಫೋನು ಯಾರು ಎತ್ತುತ್ತಾರೆ ಅನ್ನುವುದೇ ಮುಖ್ಯ. ನಮ್ಮಲ್ಲಿ ನಿಮ್ಮ ಹಾಗೇ ಎಂಟ್ರಿಗೆ ಸೇರಿದ ಒಬ್ಬ ಹುಡುಗಿ ಇದ್ದಾಳೆ. ಊಟದ ಹೊತ್ತಿನಲ್ಲಿ ಸ್ಯಾಂಪಲ್ ರೂಮಿಗೆ ಹೋಗಿ ನಿಲ್ಲುತ್ತಿದ್ದಳು. ಮಾಯಿಶ್ಚರ್ ಮೀಟರ್ ಹೇಗೆ ಓದುವುದು, ಕೆಟ್ಟ ಬೇಳೆಯಲ್ಲಿ ಯಾವುದು ಬ್ಲಾಕ್, ಯಾವುದು ಬ್ರೌನ್, ಬಿಟ್ಸ್ (ಒಡೆದ ಚೂರು) ಅಂದರೆ ಎಷ್ಟು ಸಣ್ಣದು, ಪೀಬೆರಿ (ಕಾಯಿಯಲ್ಲಿ ಒಂದೇ ಇರುವ ದುಂಡು ಬೇಳೆ) ಯಾಕೆ ಬೇರೆ ಹೋಗುತ್ತೆ, ಎಲ್ಲ ಕೇಳಿ ತಿಳಿದುಕೊಂಡಳು. ಒಂದು ಸಲ ಒಬ್ಬ ಬೆಳೆಗಾರರು ಫೋನ್ ಮಾಡಿ, "ಹೋದ ವರ್ಷ 27 ಬಂದಿತ್ತು, ಈ ಸಲ 25 ಅಂದ್ರೆ ನೀವು ಕದ್ದಿದ್ದೀರಾ?" ಅಂತ ರೇಗಿದರು. ಇವಳು ವಾದಕ್ಕೆ ಹೋಗಲಿಲ್ಲ. "ಒಂದು ನಿಮಿಷ ಇರಿ ಸಾರ್" ಅಂದವಳು, ಅವರ ಸ್ಯಾಂಪಲ್ ತಟ್ಟೆಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದಳು. ತಟ್ಟೆಯಲ್ಲಿ ಒಳ್ಳೆ ಬೇಳೆ ಒಂದು ಗುಡ್ಡೆ, ಹುಳ ಹೊಡೆದದ್ದು ಒಂದು ಗುಡ್ಡೆ, ಜೊಳ್ಳು ಒಂದು ಗುಡ್ಡೆ. "ಜೊಳ್ಳೇ ಜಾಸ್ತಿ ಇದೆ ಸಾರ್, ನೀವೇ ಬಂದು ನೋಡಿ, ಸ್ಯಾಂಪಲ್ ಎತ್ತಿಟ್ಟಿರುತ್ತೇನೆ" ಅಂದಳು. ಅವರು ಬಂದರು, ನೋಡಿದರು, ಕಾಫಿ ಕುಡಿದು ಹೋದರು. ಈಗ ಅವರು ಫೋನ್ ಮಾಡಿದರೆ ನನ್ನನ್ನು ಕೇಳುವುದಿಲ್ಲ, ಅವಳನ್ನೇ ಕೇಳುತ್ತಾರೆ. ಕಮ್ಯುನಿಕೇಶನ್ ಸ್ಕಿಲ್ ಅಂತ ದುಡ್ಡು ತಗೊಂಡು ಹೇಳಿಕೊಡುವುದು ಇದನ್ನೇ ಅಲ್ವಾ? ಹೇಳುವುದಕ್ಕೆ ವಿಷಯ ಇದ್ದರೆ ಧೈರ್ಯ ತಾನಾಗಿ ಬರುತ್ತೆ.

ಇಂಗ್ಲಿಷ್ ಬೇಡ ಅನ್ನುತ್ತಿಲ್ಲ. ಬೇಕು, ಆದರೆ ನೀವು ಅಂದುಕೊಂಡಿರುವ ಇಂಗ್ಲಿಷ್ ಅಲ್ಲ. ಎಕ್ಸ್‌ಪೋರ್ಟರ್‌ಗೆ ಬರೆಯುವ ಮೇಲ್ ನಾಲ್ಕು ಸಾಲು: ಲಾಟ್ ನಂಬರ್, ಗ್ರೇಡ್, ಎಷ್ಟು ಮೂಟೆ, ಯಾವತ್ತು ರೆಡಿ. ಆಫೀಸಿನ ಹಳೇ ಮೇಲ್‌ಗಳನ್ನು ತೆಗೆದು ಓದಿ, ಅದೇ ಮಾತುಗಳು ತಿರುಗಿ ತಿರುಗಿ ಬರುತ್ತವೆ. ಚಾಟ್‌ಜಿಪಿಟಿ ಹತ್ತಿರ ಬರೆಸಿದರೂ ಪರವಾಗಿಲ್ಲ. ಆದರೆ ಬೆಳೆಗಾರರ ಹೆಸರು, ರೇಟು ಅದಕ್ಕೆ ಕೊಡಬೇಡಿ, ನಂಬರುಗಳನ್ನು ನೀವೇ ಇನ್ನೊಮ್ಮೆ ನೋಡಿ. 60 ಕೆಜಿಯ ಮೂಟೆ 320 ಹಾಕಿದರೆ ಇಪ್ಪತ್ತು ಅಡಿ ಕಂಟೇನರ್ ತುಂಬುತ್ತೆ, 19.2 ಟನ್. ಇದು ನಾಲಿಗೆ ತುದಿಯಲ್ಲಿ ಇರುವವರ ಇಂಗ್ಲಿಷ್ ಸ್ವಲ್ಪ ತಡವರಿಸಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ರೇಟಿನ ಲೆಕ್ಕವೂ ಹಾಗೇ. ಅರೇಬಿಕಾಗೆ ನ್ಯೂಯಾರ್ಕ್ ಮಾರ್ಕೆಟ್, ಒಂದು ಪೌಂಡಿಗೆ ಇಷ್ಟು ಸೆಂಟ್ ಅಂತ ಹೇಳುತ್ತಾರೆ. ರೋಬಸ್ಟಾಗೆ ಲಂಡನ್, ಅಲ್ಲಿ ಟನ್ನಿಗೆ ಇಷ್ಟು ಡಾಲರ್. 300 ಸೆಂಟ್ ಅಂದರೆ ಕೆಜಿಗೆ ಸುಮಾರು 6.60 ಡಾಲರ್. ಆ ದಿನದ ರೂಪಾಯಿ ರೇಟಿಗೆ ತಿರುಗಿಸಿ ನಮ್ಮ ಊರಿನ ರೇಟಿನ ಪಕ್ಕ ಇಡಿ. ದಿನಾ ಬೆಳಿಗ್ಗೆ ಒಂದು ಎಕ್ಸೆಲ್ ಶೀಟಿನಲ್ಲಿ ಬರೆದಿಡಿ, ಐದು ನಿಮಿಷದ ಕೆಲಸ. ಸೀಸನ್ ಮುಗಿಯುವ ಹೊತ್ತಿಗೆ ಮಾಲೀಕರೇ ನಿಮ್ಮ ಶೀಟು ಕೇಳಿದರೆ ಆಶ್ಚರ್ಯ ಇಲ್ಲ. ಎಕ್ಸೆಲ್ ಕಲಿಯುವ ದಾರಿಯೂ ಇದೇ. ವಿಲುಕಪ್, ಪಿವಟ್ ಟೇಬಲ್ ಎರಡನ್ನು ಯೂಟ್ಯೂಬ್ ನೋಡಿ ಕಲಿಯಿರಿ. ಆಮೇಲೆ ಆಫೀಸಿನಲ್ಲಿ ಯಾರೋ ಅರ್ಧ ದಿನ ಕೂತು ಕೈಯಲ್ಲಿ ಮಾಡುವ ಸ್ಟಾಕ್ ರಿಪೋರ್ಟ್ ಇರುತ್ತಲ್ಲ, ಅದರ ಮೇಲೆ ಪ್ರಯೋಗ ಮಾಡಿ. ಟ್ಯಾಲಿ, ಜಿಎಸ್‌ಟಿ ಬಿಕಾಂ ಓದಿದವರಿಗೆ ಹೇಗೂ ಬರಬೇಕು. ಅದನ್ನು ಹೊಸದಾಗಿ ಹೇಳುವುದಿಲ್ಲ.

ಒಂದು ವಿಷಯ ಮಾತ್ರ ಈಗಲೇ ಹಿಡಿದುಕೊಳ್ಳಿ, ನಮ್ಮ ಕಡೆ ಇನ್ನೂ ತುಂಬಾ ಜನಕ್ಕೆ ಕೈಗೆ ಹತ್ತಿಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ. 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವ ಹಾಗಿಲ್ಲ. ಕಾಫಿ ಯಾವ ತೋಟದ್ದು ಅಂತ ಲೊಕೇಶನ್ ತೋರಿಸಬೇಕು. 4 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ ಹತ್ತು ಎಕರೆ ಮೀರಿದ ಜಾಗಕ್ಕೆ ಗಡಿ ಸುತ್ತ ಗೆರೆ ಎಳೆದ ನಕ್ಷೆಯೇ ಬೇಕು. ಜಾರಿಗೆ ತರುವ ದಿನವನ್ನು ಮುಂದಕ್ಕೆ ಹಾಕುತ್ತಾ ಬಂದಿದ್ದಾರೆ, ನಿಜ. ಆದರೆ ನಮ್ಮ ಕಾಫಿ ಜಾಸ್ತಿ ಹೋಗುವುದೇ ಇಟಲಿ, ಜರ್ಮನಿ ಕಡೆಗೆ. ಪಹಣಿಯ ಸರ್ವೆ ನಂಬರನ್ನು ಮೊಬೈಲ್ ನಕ್ಷೆಗೆ ಹೊಂದಿಸಿ, ಯಾವ ಮೂಟೆ ಯಾವ ತೋಟದಿಂದ ಬಂತು ಅಂತ ಕಲಸಿಹೋಗದ ಹಾಗೆ ಲೆಕ್ಕ ಇಡುವವರು ಬೇಕಾಗುತ್ತಾರೆ. ಲಾಟ್ ಎಂಟ್ರಿ ನಿಮ್ಮ ಕೈಯಲ್ಲೇ ಇದೆ, ನಿಮಗಿಂತ ಹತ್ತಿರ ಇನ್ಯಾರಿದ್ದಾರೆ?

ಇನ್ನು ಕೋರ್ಸ್. ಕಾಫಿ ಬೋರ್ಡಿನ ಕ್ವಾಲಿಟಿ ಡಿಪ್ಲೊಮಾ ಒಳ್ಳೆಯದೇ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲೂ ಪಾಠ ಇರುತ್ತೆ. ಆದರೆ ಅದಕ್ಕೆ ವಿಜ್ಞಾನ ಅಥವಾ ಕೃಷಿ ಡಿಗ್ರಿ ಕೇಳುತ್ತಾರೆ, ಬಿಕಾಂನವರಿಗೆ ಕಷ್ಟ. ಅದರ ಬದಲು ಕಾಫಿ ಬೋರ್ಡ್ ಬೆಂಗಳೂರಿನಲ್ಲಿ ನಡೆಸುವ 'ಕಾಪಿ ಶಾಸ್ತ್ರ' ಅನ್ನೋ ಸಣ್ಣ ತರಬೇತಿ ನೋಡಿ, ರೋಸ್ಟಿಂಗ್, ಬ್ರೂಯಿಂಗ್ ಹೇಳಿಕೊಡುತ್ತಾರೆ. ಪರ್ಸನಾಲಿಟಿ ಡೆವಲಪ್‌ಮೆಂಟ್‌ಗೆ ಮಾತ್ರ ದಯವಿಟ್ಟು ದುಡ್ಡು ಕಟ್ಟಬೇಡಿ.

ಬೆಂಗಳೂರಿಗೆ ಹೋಗುವುದಾದರೆ ಇದೆಲ್ಲ ಕೈಗೆ ಬಂದ ಮೇಲೆ ಹೋಗಿ. ಆಗ ಎಕ್ಸ್‌ಪೋರ್ಟ್ ಕಂಪನಿಗಳು, ರೋಸ್ಟರ್‌ಗಳು ನಿಮ್ಮನ್ನು ಕಾಫಿ ಗೊತ್ತಿರುವವರು ಅಂತ ನೋಡುತ್ತಾರೆ. ಈಗ ಹೋದರೆ ಇನ್ನೊಂದು ಎಂಟ್ರಿ ಕೆಲಸ ಸಿಗುತ್ತೆ, ಜೊತೆಗೆ ಪಿಜಿ ಬಾಡಿಗೆ.

ಸಂಬಳ ಕೇಳುವುದಕ್ಕೂ ಹೊತ್ತು ಇದೆ. ಜನವರಿಯಿಂದ ಏಪ್ರಿಲ್ ತನಕ ಲಾರಿ ಸಾಲು ನಿಂತಿರುತ್ತೆ, ಆಗ ಯಾರ ಮಾತೂ ಯಾರ ಕಿವಿಗೂ ಬೀಳುವುದಿಲ್ಲ. ಮಳೆಗಾಲ ಹಿಡಿದ ಮೇಲೆ ಕೇಳಿ. ಆ ಸೀಸನ್ನಿನಲ್ಲಿ ನೀವು ಹೊಸದಾಗಿ ಹೊತ್ತುಕೊಂಡ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ತಗೊಂಡು ಹೋಗಿ, ಎಷ್ಟು ಬೇಕು ಅನ್ನುವ ನಂಬರನ್ನು ನೀವೇ ಹೇಳಿ. ಬಟವಾಡೆ ದಿನ ಮಾತ್ರ ಹೋಗಬೇಡಿ.