ಕಾಸರಗೋಡಿನ ಕನ್ನಡದ ಮಕ್ಕಳು ಬಿಕಾಂ ಓದುವ ಬಗೆ

ಕೇರಳದ ಕಾಸರಗೋಡಿನಲ್ಲಿ ಇಷ್ಟೊಂದು ಕನ್ನಡ ಶಾಲೆಗಳಿವೆ, ಹಾಗಾದರೆ ಬಿಕಾಂ ಕೂಡ ಕನ್ನಡದಲ್ಲೇ ಓದಬಹುದಲ್ವಾ ಎಂದು ಬೆಂಗಳೂರು, ಮೈಸೂರು ಕಡೆಯವರು ಕೇಳುತ್ತಾರೆ. ಇಲ್ಲ, ಆಗುವುದಿಲ್ಲ. ಹತ್ತನೇ ತರಗತಿ ತನಕ ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಇಲ್ಲಿ ಕನ್ನಡದಲ್ಲಿ ಓದಬಹುದು. ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ತರಗತಿಗೆ, ಕಾಮರ್ಸ್ ಸೇರಿದ ಕೂಡಲೇ ಅಕೌಂಟೆನ್ಸಿ ಪುಸ್ತಕ ಇಂಗ್ಲಿಷಿನದ್ದು, ಟೀಚರ್ ವಿವರಿಸುವುದು ಹೆಚ್ಚಾಗಿ ಮಲಯಾಳದಲ್ಲಿ. ಮನೆಯಲ್ಲಿ ತುಳುವೋ, ಹವ್ಯಕವೋ, ಕೊಂಕಣಿಯೋ, ಮರಾಠಿಯೋ ಆಡುವ ಮಗು ಒಂದೇ ಬೇಸಿಗೆ ರಜೆಯಲ್ಲಿ ಎರಡು ಹೊಸ ಭಾಷೆಗೆ ಒಗ್ಗಿಕೊಳ್ಳಬೇಕು. ಈ ಎರಡು ವರ್ಷವೇ ನಿಜವಾಗಿ ಕಷ್ಟದ ಕಾಲ. ಬಿಕಾಂ ತಲುಪುವ ಹೊತ್ತಿಗೆ ಮಕ್ಕಳು ಅರ್ಧ ಗಟ್ಟಿಯಾಗಿರುತ್ತಾರೆ.

ಭಾಷೆಯ ಪೆಟ್ಟು ಲೆಕ್ಕದ ಮೇಲೆ ಅಷ್ಟಾಗಿ ಬೀಳುವುದಿಲ್ಲ. ದಿನದ ವ್ಯವಹಾರವನ್ನು ಜರ್ನಲ್‌ನಲ್ಲಿ ಬರೆಯಲು, ಖಾತೆವಾರು ಲೆಜರ್‌ಗೆ ಏರಿಸಲು, ಡೆಬಿಟ್ ಕ್ರೆಡಿಟ್ ಮೊತ್ತಗಳ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಲು ಸ್ವಲ್ಪ ಇಂಗ್ಲಿಷ್ ಸಾಕು. ಕಾಸ್ಟ್ ಅಕೌಂಟಿಂಗ್, ಕಾರ್ಪೊರೇಟ್ ಅಕೌಂಟಿಂಗ್‌ನಲ್ಲೂ ನಮ್ಮ ಮಕ್ಕಳು ಹಿಂದೆ ಬೀಳುವುದಿಲ್ಲ. ಎಡವುವುದು ಬಿಸಿನೆಸ್ ಲಾ ಮತ್ತು ಆಡಿಟಿಂಗ್‌ನಲ್ಲಿ. 1872ರ ಒಪ್ಪಂದ ಕಾಯ್ದೆ, 2013ರ ಕಂಪನಿ ಕಾಯ್ದೆ, ಇವುಗಳ ವಾಕ್ಯ ಒಂದೊಂದೂ ಅರ್ಧ ಪುಟ ಉದ್ದ. ಅರ್ಥವಾಗದೆ ಬಾಯಿಪಾಠ ಮಾಡಿದರೆ ಪಾಸಾಗಬಹುದು, ಆದರೆ ವಿಷಯ ಕೈಗೆ ಸಿಗುವುದಿಲ್ಲ. ಮೊದಲು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಒಳ್ಳೆಯದು. ಕನ್ನಡ ಬಲ್ಲ ಅಧ್ಯಾಪಕರು ಒಬ್ಬರಿದ್ದರೂ ತರಗತಿಗೆ ದೊಡ್ಡ ಬಲ.

ಗಡಿಯಲ್ಲಿ ಇರುವುದರಿಂದ ಒಂದು ಲಾಭವೂ ಇದೆ. ಜಿಎಸ್‌ಟಿ ಪಾಠ ನಮಗೆ ಕಣ್ಣೆದುರೇ ನಡೆಯುತ್ತದೆ. ಬದಿಯಡ್ಕದ ವ್ಯಾಪಾರಿ ಒಂದು ಲಕ್ಷ ರೂಪಾಯಿಯ ಒಣ ಅಡಿಕೆಯನ್ನು ಕಾಸರಗೋಡು ಪೇಟೆಯ ವ್ಯಾಪಾರಿಗೆ ಮಾರಿದ ಎಂದುಕೊಳ್ಳಿ. ತೆರಿಗೆ ಶೇಕಡಾ 5, ಅಂದರೆ 5,000 ರೂಪಾಯಿ. ಅದರಲ್ಲಿ 2,500 ಕೇಂದ್ರದ ಖಾತೆಗೆ, 2,500 ಕೇರಳದ ಖಾತೆಗೆ. ಅದೇ ಅಡಿಕೆ ಗಡಿಯಾಚೆ ಕರ್ನಾಟಕದ ವಿಟ್ಲದ ವ್ಯಾಪಾರಿಗೆ ಹೋದರೆ ದೂರ ಹೆಚ್ಚೇನೂ ಅಲ್ಲ, ಆದರೆ ಪೂರ್ತಿ 5,000 ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಮಾರುವ ಮಾಲಿನ ತೆರಿಗೆ. ಬೆಲೆ 50,000 ದಾಟಿದ್ದರಿಂದ ಮಾಲು ಸಾಗಿಸಲು ಇ-ವೇ ಬಿಲ್ ಎಂಬ ಆನ್‌ಲೈನ್ ಚೀಟಿ ಕೂಡ ಬೇಕು. ವಿಟ್ಲದವನು ಆ 5,000ವನ್ನು ಇನ್‌ಪುಟ್ ಕ್ರೆಡಿಟ್ ಆಗಿ ತನ್ನ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾನೆ, ಅಂದರೆ ತಾನು ಮುಂದೆ ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆಯುತ್ತಾನೆ. ಅಡಿಕೆ ಬೆಳೆದ ಕೃಷಿಕನಿಗೆ ಮಾತ್ರ ತನ್ನದೇ ಬೆಳೆ ಮಾರಲು ಜಿಎಸ್‌ಟಿ ನೋಂದಣಿ ಬೇಡ. ಇಷ್ಟನ್ನು ನಾಲ್ಕೂ ಜನರ ಪುಸ್ತಕದಲ್ಲಿ ಬರೆದು ನೋಡಿದ ವಿದ್ಯಾರ್ಥಿಗೆ ಡೆಬಿಟ್ ಯಾಕೆ, ಕ್ರೆಡಿಟ್ ಯಾಕೆ ಎಂದು ಯಾರೂ ಮತ್ತೆ ಹೇಳಿಕೊಡಬೇಕಾಗಿಲ್ಲ. ಒಬ್ಬನಿಗೆ ಬರಬೇಕಾದ ಬಾಕಿ ಇನ್ನೊಬ್ಬನ ಸಾಲ ಎಂಬುದು ಅಲ್ಲೇ ಕಾಣುತ್ತದೆ. ಸೂತ್ರ ಉರು ಹೊಡೆಸುವ ಬದಲು ಇಂಥ ವ್ಯವಹಾರಗಳನ್ನು ತರಗತಿಯಲ್ಲಿ ಬರೆಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಎಲ್ಲಿ ಓದುವುದು ಎಂಬ ಪ್ರಶ್ನೆ. ನಮ್ಮ ಮನೆಗಳಲ್ಲಿ ಇದಕ್ಕೇ ಜಾಸ್ತಿ ಚರ್ಚೆ. ಜಿಲ್ಲೆಯ ಕಾಲೇಜುಗಳು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿವೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜಿದೆ, ಅಲ್ಲಿ ಕಾಮರ್ಸ್ ಇದೆ. ಆದರೂ ಬೆಳಗಿನ ರೈಲಿನಲ್ಲಿ ಸೀಸನ್ ಟಿಕೆಟ್ ಹಿಡಿದು ಮಂಗಳೂರಿಗೆ ಹೋಗುವ ಮಕ್ಕಳು ಬೇಕಾದಷ್ಟು. ಪೆರ್ಲ ಕಡೆಯವರು ಪುತ್ತೂರಿಗೆ, ಮುಳ್ಳೇರಿಯ ಕಡೆಯವರು ಸುಳ್ಯಕ್ಕೆ ಹೋಗುವುದೂ ಇದೆ. 1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯವರೇ. ಕೆನರಾ ಬ್ಯಾಂಕ್ 1906ರಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ. ಹಾಗಾಗಿ ಹಿರಿಯರ ಮನಸ್ಸಿನಲ್ಲಿ ಬಿಕಾಂ ಅಂದರೆ ಬ್ಯಾಂಕು, ಬ್ಯಾಂಕು ಅಂದರೆ ಮಂಗಳೂರು. ಈಗ ಸ್ಟೇಟ್ ಬ್ಯಾಂಕ್ ಬಿಟ್ಟು ಉಳಿದ ಸರಕಾರಿ ಬ್ಯಾಂಕುಗಳ ಕ್ಲರ್ಕ್, ಆಫೀಸರ್ ನೇಮಕಾತಿ ದೇಶಕ್ಕೆಲ್ಲ ಸಾಮಾನ್ಯ ಪರೀಕ್ಷೆಯಲ್ಲಿ ನಡೆಯುತ್ತದೆ, ಅದಕ್ಕೆ ಯಾವ ಪದವಿಯೂ ಆದೀತು. ಕ್ಲರ್ಕ್ ಹುದ್ದೆಗೆ ಅರ್ಜಿ ಹಾಕುವವರಿಗೆ ಆ ರಾಜ್ಯದ ಭಾಷೆ ಓದಲು, ಬರೆಯಲು, ಮಾತಾಡಲು ಬರಬೇಕು. ಕನ್ನಡದಲ್ಲಿ ಕಲಿತ ಕಾಸರಗೋಡಿನ ಹುಡುಗಿ ಕರ್ನಾಟಕದ ಹುದ್ದೆಗೆ ಧೈರ್ಯವಾಗಿ ಅರ್ಜಿ ಹಾಕಬಹುದು. ಕನ್ನಡ ಶಾಲೆ ಓದಿ ಏನು ಸಿಕ್ಕಿತು ಎನ್ನುವವರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ಮಂಗಳೂರಿನ ದಾರಿಗೆ ಅಪಾಯವೂ ಇದೆ. ಕೋವಿಡ್ ಬಂದ 2020ರ ಮಾರ್ಚ್‌ನಲ್ಲಿ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮರುವರ್ಷ ಆರ್‌ಟಿ-ಪಿಸಿಆರ್ ನೆಗೆಟಿವ್ ಸರ್ಟಿಫಿಕೇಟ್ ಇಲ್ಲದೆ ತಲಪಾಡಿ ಗಡಿ ದಾಟುವಂತಿರಲಿಲ್ಲ. ದಿನಾ ಹೋಗಿ ಬರುವ ವಿದ್ಯಾರ್ಥಿಗಳು ಆಗ ಪಟ್ಟ ಪಾಡು ನಮಗೆಲ್ಲ ನೆನಪಿದೆ.

ಇಲ್ಲೇ ಉಳಿಯುವ ಮನಸ್ಸಿದ್ದವರಿಗೆ ನಾನು ಹೇಳುವುದು ಬಿಕಾಂ ಕೋಆಪರೇಷನ್, ಅಂದರೆ ಸಹಕಾರ ವಿಷಯದ ಬಿಕಾಂ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಕೇರಳದಲ್ಲಿ ಊರೂರಿಗೆ ಸರ್ವಿಸ್ ಸಹಕಾರಿ ಬ್ಯಾಂಕ್ ಇದೆ. ಬೆಳೆಸಾಲ, ಚಿನ್ನದ ಸಾಲ, ಗೊಬ್ಬರ ಎಲ್ಲ ಅಲ್ಲೇ. ಅಲ್ಲಿ ಜೂನಿಯರ್ ಕ್ಲರ್ಕ್ ಆಗಲು ಜೆಡಿಸಿ ಎಂಬ ಸಹಕಾರ ಡಿಪ್ಲೊಮಾ ಬೇಕು. ಸಹಕಾರವನ್ನೇ ವಿಶೇಷ ವಿಷಯವಾಗಿ ಓದಿದ ಬಿಕಾಂ ಪದವಿ ಇದ್ದರೂ ಆಗುತ್ತದೆ. ಫೈನಾನ್ಸ್ ಹೆಸರು ಕೇಳಲು ಚೆಂದ ಎಂದು ಅದನ್ನೇ ಆರಿಸಿ, ಆಮೇಲೆ ಜೆಡಿಸಿಗೆ ಇನ್ನೊಮ್ಮೆ ಕೂರುವವರನ್ನು ನೋಡಿದರೆ ಬೇಸರವಾಗುತ್ತದೆ. ಸೇರುವ ಮೊದಲೇ ಯಾರಾದರೂ ಹೇಳಬೇಕಿತ್ತು.

ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗುವ ಆಸೆ ಇದ್ದರೆ ಲೆಕ್ಕಾಚಾರ ಬೇರೆ. ಅದರ ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ. ಬಿಕಾಂನಲ್ಲಿ ಶೇಕಡಾ 55 ಅಂಕ ಬಂದರೆ ಮೊದಲ ಹಂತದ ಫೌಂಡೇಶನ್ ಬರೆಯದೆ ನೇರ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವ ಎರಡು ವರ್ಷದ ಆರ್ಟಿಕಲ್‌ಶಿಪ್‌ಗೆ ಆಫೀಸು ಹುಡುಕಲು ಮಂಗಳೂರು ಅನುಕೂಲ.

ವರ್ಷದ ಲೆಕ್ಕವೂ ಈಗ ಎರಡೂ ಕಡೆ ಒಂದೇ ಅಲ್ಲ. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಶುರುವಾಗಿದೆ, ಬೇಕಿದ್ದರೆ ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು. ಅದೇ ವರ್ಷ ಕರ್ನಾಟಕ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮೂರಕ್ಕೆ ಮರಳಿತು. ಎಂಕಾಂ ಗಡಿಯ ಆಚೆ ಕಡೆ ಮಾಡುವುದಿದ್ದರೆ, ಯಾವ ಪದವಿಗೆ ಎಷ್ಟು ವರ್ಷದ ಎಂಕಾಂ ಎಂದು ಆ ವಿಶ್ವವಿದ್ಯಾಲಯದಲ್ಲೇ ಮೊದಲು ಕೇಳಿಕೊಳ್ಳಿ. ಗಡಿನಾಡ ಕನ್ನಡಿಗರೆಂಬ ಅರ್ಹತೆ ಕರ್ನಾಟಕದ ಸಿಇಟಿ ಎಂಬ ಪ್ರವೇಶ ಪರೀಕ್ಷೆಗೆ ನಮಗಿದೆ, ಆದರೆ ಬಿಕಾಂಗೆ ಸಿಇಟಿಯೇ ಇಲ್ಲ. ಅದನ್ನು ನಂಬಿ ಸುಮ್ನೆ ಕೂರುವುದು ಬೇಡ.

ನಿಮ್ಮ ನೆಂಟರ ಮಕ್ಕಳು ಯಾರಾದರೂ ಇಲ್ಲಿ ಹತ್ತನೇ ತರಗತಿಯಲ್ಲಿದ್ದರೆ, ಪರೀಕ್ಷೆ ಮುಗಿದ ರಜೆಯಲ್ಲೇ ಮಲಯಾಳ ಅಕ್ಷರ ಕಲಿಸಿ. ಮಾತು ಹೇಗೂ ಪೇಟೆಯಲ್ಲಿ ಬರುತ್ತದೆ. ಓದಲು ಬಂದರೆ ಸಹಕಾರಿ ಬ್ಯಾಂಕಿನ ನೋಟಿಸು, ಪಂಚಾಯತಿನ ಕಾಗದ ಯಾವುದಕ್ಕೂ ಇನ್ನೊಬ್ಬರ ಮುಖ ನೋಡಬೇಕಾಗಿಲ್ಲ.