ಟಕ್ ಅನ್ನುತ್ತದೆ, ಮೋಟರ್ ತಿರುಗುವುದಿಲ್ಲ

ಪ್ರಶ್ನೆ: ತೋಟದ ಹಳೇ ಬ್ಯಾಟರಿ ಟ್ರ್ಯಾಕ್ಟರ್ (36 ವೋಲ್ಟ್, 6 ವೋಲ್ಟಿನ ಆರು ಬ್ಯಾಟರಿ) ವರ್ಷಗಟ್ಟಲೆ ನಿಂತಿತ್ತು. ಈಗ ಚಾರ್ಜ್ ಮಾಡಿ ಪೆಡಲ್ ಒತ್ತಿದರೆ ಟಕ್ ಎಂಬ ಸದ್ದಷ್ಟೇ. ಏನು ಮಾಡಬೇಕು?
– ಓದುಗರು, ಮದ್ದೂರು

ಉತ್ತರ: ಟಕ್ ಎಂದರೆ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಎಳೆಯುತ್ತಿದೆ. ಮೋಟರಿಗೆ ಕೈಹಾಕುವ ಮುಂಚೆ ಬ್ಯಾಟರಿ ನೋಡಿ. ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಭದ್ರವಾಗಿ ನಿಲ್ಲಿಸಿ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಒಂದೊಂದೇ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಲಿ. ಸುಮ್ಮನಿದ್ದಾಗ 6.3 ತೋರಿಸಿ, ಒತ್ತಿದಾಗ 3–4ಕ್ಕೆ ಕುಸಿದರೆ ಆ ಬ್ಯಾಟರಿ ಮುಗಿದಂತೆ. ಪ್ಲೇಟಿಗೆ ಸಲ್ಫೇಟ್ ಕಟ್ಟಿರುತ್ತದೆ. ಹಳೆಯವುಗಳ ನಡುವೆ ಒಂದೇ ಒಂದು ಹೊಸದು ಸೇರಿಸಬೇಡಿ, ಅದೂ ಬೇಗ ಹಾಳಾಗುತ್ತದೆ. ಇ-ರಿಕ್ಷಾದ 12 ವೋಲ್ಟಿನ ಮೂರು ಬ್ಯಾಟರಿ ಸರಣಿಯಲ್ಲಿ ಜೋಡಿಸಿದರೂ 36 ಬರುತ್ತದೆ. ಆದರೆ ತೂಕ ಇಳಿದು ಗದ್ದೆ ಮಣ್ಣಲ್ಲಿ ಚಕ್ರ ಜಾರೀತು.

ವೋಲ್ಟೇಜ್ ಕುಸಿಯದಿದ್ದರೆ, ಪೆಡಲ್ ಒತ್ತಿ ಹಿಡಿದೇ ಕಾಂಟ್ಯಾಕ್ಟರಿನ ಎರಡು ದಪ್ಪ ಬೋಲ್ಟ್‌ಗಳ ನಡುವೆ ಅಳೆಯಿರಿ. ಅಲ್ಲಿ 36 ಬಂದರೆ ಒಳಗಿನ ಪಾಯಿಂಟ್ ಸುಟ್ಟಿದೆ. ಸೊನ್ನೆ ಬಂದು, ಮೋಟರ್ ಟರ್ಮಿನಲ್‌ನಲ್ಲಿ 36 ಇದ್ದರೆ ಕಾರ್ಬನ್ ಬ್ರಷ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಸಿಕ್ಕಿಕೊಂಡಿದೆ; ನಿಂತ ಗಾಡಿಗಳಲ್ಲಿ ಇದು ಮಾಮೂಲಿ. ಬ್ಯಾಟರಿಯ ನೆಗೆಟಿವ್ ಕಳಚಿಟ್ಟು, ಬ್ರಷ್ ಗೂಡಿನಲ್ಲಿ ಸಲೀಸಾಗಿ ಜಾರುವಂತೆ ಮಾಡಿ. ಬ್ರಷ್ ಒತ್ತಿಕೊಳ್ಳುವ ತಾಮ್ರದ ಪಟ್ಟಿಗಳ ಉರುಳೆಯನ್ನು (ಕಮ್ಯುಟೇಟರ್) ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಎಮರಿ ಪೇಪರ್ ಬೇಡ, ಅದರ ಪುಡಿ ಸಂದಿಯಲ್ಲಿ ಕೂತು ಶಾರ್ಟ್ ಮಾಡಬಹುದು.